ನಡುಗಿದ ಪೆಡಲು

ಸೊಸೆ ಫೋನ್ ಮಾಡಿದಾಗ ಮೇಸ್ತ್ರಿ ಯಾರದೋ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಸೈಲೆನ್ಸರ್ ಬಿಗಿಯುತ್ತಿದ್ದ. ಕೈಯೆಲ್ಲ ಗ್ರೀಸು. ಕಿರುಬೆರಳಲ್ಲಿ ಫೋನ್ ಒತ್ತಿ, ಎದೆಯ ಮೇಲೆ ಇಟ್ಟುಕೊಂಡು, "ಹೇಳು ಮಗಾ" ಅಂದ.

"ಮಾವ, ಗಾಡಿ ನಿಲ್ಲಲಿಲ್ಲ. ಗೇಟು ಕಾಯೋರ ಕಾಲಿಗೆ ಬಡೀತು. ಮೂಳೆ ಮುರಿದಿದೆ. ಅಲುಗಾಡದ ಹಾಗೆ ಕಟ್ಟಿದೀನಿ, ಆಂಬುಲೆನ್ಸ್ ಬರ್ತಾ ಇದೆ. ನೀವು ಬನ್ನಿ."

ಅಳುತ್ತಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು.

ಸೊಸೆ ನರ್ಸು. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಬೆನ್ನು ಹುಣ್ಣಾಗದಂತೆ ಹೊರಳಿಸಿ ಬರುವ ಕೆಲಸ. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದಿನವಿಡೀ ಓಡಾಟ, ಹಾಗಾಗಿ ಕಾರಿಲ್ಲದೆ ಆಗುತ್ತಿರಲಿಲ್ಲ. ಕಾರು ಮನೆಯದು, ಹಳೆಯದು. ಅದನ್ನು ಓಡಿಸಲು ಕಲಿಸಿದವನೂ ಮೇಸ್ತ್ರಿಯೇ. ಮಗ ದೂರದ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕಲಿಸುವಾಗ ಮಗನಿಗೆ ಬೈದಷ್ಟು ಸೊಸೆಗೆ ಬೈಯುವ ಸಂದರ್ಭವೇ ಬರಲಿಲ್ಲ ಎಂದು ಮೇಸ್ತ್ರಿ ಗ್ಯಾರೇಜಿಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ.

ಅವನು ಹೋಗುವಷ್ಟರಲ್ಲಿ ಕಾವಲುಗಾರನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಅದೊಂದು ಎತ್ತರದ ವಸತಿ ಕಟ್ಟಡ. ಗೇಟಿನ ಮುಂದೆ ಸಣ್ಣ ಇಳಿಜಾರು, ಅದರ ಕೊನೆಗೆ ಕೆಂಪು ಬಿಳಿ ಬಣ್ಣದ ಅಡ್ಡಗಂಬ. ಅಡ್ಡಗಂಬದ ಪಕ್ಕ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ಮಗುಚಿ ಬಿದ್ದಿತ್ತು. ಬಾಲ್ಕನಿಗಳಲ್ಲಿ ಜನ. ಕೆಳಗೆ ಇನ್ನಷ್ಟು ಜನ. ನಡುವೆ ಬಿಳಿ ಸಮವಸ್ತ್ರದಲ್ಲಿ ಸೊಸೆ, ಕೈ ಕಟ್ಟಿಕೊಂಡು ನಿಂತಿದ್ದಳು.

"ಬ್ರೇಕ್ ಒತ್ತಿದೆ ಮಾವ. ಒತ್ತಿಯೇ ಇದ್ದೆ. ಇನ್ನೇನು ನಿಲ್ಲಬೇಕು ಅನ್ನುವಾಗ ಪೆಡಲು ಕಾಲಡಿ ಗಡಗಡ ಅಂತ ನಡುಗಿತು. ಗಾಡಿ ಜಾರಿದ ಹಾಗೆ ಮುಂದಕ್ಕೆ ಹೋಗಿಬಿಡ್ತು."

ಮೇಸ್ತ್ರಿ ಒಳಗೆ ಕೂತು ಪೆಡಲು ಒತ್ತಿದ. ಕಲ್ಲಿನಂತೆ ಗಟ್ಟಿ. ಗಾಡಿಯನ್ನು ಹಿಂದಕ್ಕೆ ತೆಗೆದು, ಅದೇ ಇಳಿಜಾರಿನಲ್ಲಿ ಇಳಿಸಿ ನಿಲ್ಲಿಸಿದ. ನಿಂತಿತು. ಮತ್ತೊಮ್ಮೆ ನಿಲ್ಲಿಸಿದ. ನಿಂತಿತು. ಜೋರಾಗಿ ಬರುವಾಗ ಒಮ್ಮೆಲೇ ಬ್ರೇಕ್ ಹಾಕಿ ಚಕ್ರ ಜಾರಿದರೆ ಪೆಡಲು ನಡುಗುವುದುಂಟು. ಚಕ್ರ ತಿರುಗದೆ ಕಟ್ಟಿಕೊಳ್ಳದಿರಲಿ ಎಂದು ಗಾಡಿಯೇ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಆದರೆ ಒಣ ನೆಲ, ನಡೆದುಕೊಂಡು ಬಂದಂಥ ವೇಗ. ಇಲ್ಲೆಲ್ಲಿಯ ನಡುಕ?

ಬಾಲ್ಕನಿಯವರು ನೋಡುತ್ತಿದ್ದರು. ಯಾರೋ, "ಏನಂತೆ ಮೇಸ್ತ್ರಿ? ಗಾಡಿದಾ, ಓಡಿಸಿದವರದಾ?" ಎಂದು ಕೇಳಿದರು. ಅವನ ತಲೆಯಲ್ಲಿ ಆಗ ಏನೋ ಒಂದು ಸುಳಿಯಿತು. ಎಡಗಡೆಯ ಮುಂದಿನ ಚಕ್ರ, ಅದರ ಹಿಂದೆ ತಾನು ಮಾಡಿದ್ದ ಒಂದು ತೇಪೆ ಕೆಲಸ. ನೊಣ ಓಡಿಸಿದ ಹಾಗೆ ಅದನ್ನು ಓಡಿಸಿಬಿಟ್ಟ.

"ಗಾಡಿ ಸರಿಯಾಗೇ ಇದೆ," ಅಂದ, ಎಲ್ಲರಿಗೂ ಕೇಳುವಂತೆ. ಆಮೇಲೆ ಸೊಸೆಯ ಕಡೆ ತಿರುಗಿ, ಸಮಾಧಾನದ ದನಿಯಲ್ಲಿ, "ಪೆಡಲು ನಡುಗಿಲ್ಲ ಮಗಾ. ನಿನ್ನ ಕಾಲು ನಡುಗಿರತ್ತೆ. ಯಾರಿಗಾದರೂ ಆಗತ್ತೆ" ಅಂದ.

ಯಾರೋ ನಕ್ಕರು. ಸೊಸೆ ಬಗ್ಗಿ ತನ್ನ ಬಲಗಾಲನ್ನು ನೋಡಿಕೊಂಡಳು. ಅದು ಬೇರೆ ಯಾರದೋ ಕಾಲು ಅನ್ನುವ ಹಾಗೆ.

ಅಂದಿನಿಂದ ಅವಳು ಕಾರು ಮುಟ್ಟಲಿಲ್ಲ. ಬಸ್ಸಿನಲ್ಲಿ ಓಡಾಡಿದಳು. ಬಸ್ಸು ಹೋಗದ ಬಡಾವಣೆಗಳ ರೋಗಿಗಳನ್ನು ಬೇರೆ ನರ್ಸುಗಳಿಗೆ ಬಿಟ್ಟುಕೊಟ್ಟಳು. ಕಾವಲುಗಾರ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನ ಕಾಲಿನ ಗಾಯಕ್ಕೆ ಪಟ್ಟಿ ಬದಲಾಯಿಸಲು ತಾನೇ ಹೋಗತೊಡಗಿದಳು. ಹೋಗಿ ಬಂದ ದಿನ ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದಳು.

"ಬೈದರಾ?" ಎಂದು ಅತ್ತೆ ಕೇಳಿದರೆ, "ಇಲ್ಲ ಅತ್ತೆ. 'ಹೋಗಲಿ ಬಿಡಮ್ಮ, ಹೆಣ್ಣುಮಕ್ಕಳಿಗೆ ಗಾಬರಿ ಜಾಸ್ತಿ' ಅಂತಾರೆ. ಬೈದಿದ್ರೆ ಚೆನ್ನಾಗಿತ್ತು" ಅಂದಳು.

ಮೇಸ್ತ್ರಿಯ ಹೆಂಡತಿಗೆ ಸಕ್ಕರೆ ಕಾಯಿಲೆ. ಬೆಳಗಿನ ಇಂಜೆಕ್ಷನ್ ಕೊಡುತ್ತಿದ್ದವಳು ಸೊಸೆಯೇ. ಮಾತಾಡುತ್ತಾ ಮಾತಾಡುತ್ತಾ ಚುಚ್ಚಿ ತೆಗೆದರೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಸೂಜಿಯನ್ನು ಅತ್ತೆಯ ಕೈಗೇ ಕೊಟ್ಟು, "ನೀವೇ ಚುಚ್ಚಿಕೊಳ್ಳಿ ಅತ್ತೆ. ನನ್ನ ಕೈ ಸ್ಥಿಮಿತದಲ್ಲಿಲ್ಲ" ಅಂದಳು.

"ಕೈಗೇನಾಯ್ತೇ ನಿಂಗೆ?"

"ಕಾಲು ನಡುಗಿದ್ದೇ ನನಗೆ ಗೊತ್ತಾಗಲಿಲ್ಲವಲ್ಲ. ಕೈ ನಡುಗಿದ್ರೆ ಗೊತ್ತಾಗತ್ತೆ ಅಂತ ಏನು ನಂಬಿಕೆ?"

ಮೇಸ್ತ್ರಿ ಪಕ್ಕದಲ್ಲೇ ಶೂ ಹಾಕಿಕೊಳ್ಳುತ್ತಿದ್ದ. ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ.

ನಿಂತ ಗಾಡಿ ಕೆಡುತ್ತದೆ ಎಂದು ಅವನೇ ಆಗಾಗ ಅದನ್ನು ಹೊರಗೆ ತೆಗೆಯುತ್ತಿದ್ದ. ಹಾಗೆ ಒಂದು ಮಧ್ಯಾಹ್ನ ಬಿಡಿಭಾಗ ತರಲು ಹೋಗಿದ್ದಾಗ ಸಿಗ್ನಲ್ಲಿನ ಹತ್ತಿರ ನಿಧಾನ ಮಾಡಿದ. ಬಿಸಿಲಿಗೆ ರಸ್ತೆ ಕಾದಿತ್ತು, ಗಾಡಿಯೂ ಕಾದಿತ್ತು. ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಪೆಡಲು ಅವನ ಕಾಲಡಿ ಗಡಗಡ ನಡುಗಿತು. ಕಾರು ಬಿಳಿಗೆರೆ ದಾಟಿ ಒಂದು ಮಾರು ಮುಂದೆ ಹೋಗಿ ನಿಂತಿತು. ಎದುರಿಗೆ ಯಾರೂ ಇರಲಿಲ್ಲ. ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ಬೈದರು, ಪಕ್ಕದಿಂದ ಸುತ್ತಿಕೊಂಡು ಹೋದರು. ಮೇಸ್ತ್ರಿ ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಅವನ ಕಾಲು ನಡುಗಿರಲಿಲ್ಲ.

ಗ್ಯಾರೇಜಿಗೆ ತಂದು ಸ್ಕ್ಯಾನರ್ ಹಚ್ಚಿದ. ನಾಲ್ಕು ಚಕ್ರಕ್ಕೂ ಒಂದೊಂದು ಸೆನ್ಸರ್ ಇರುತ್ತದೆ. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅದು ಗಾಡಿಗೆ ಹೇಳುತ್ತಿರುತ್ತದೆ. ಸ್ಕ್ಯಾನರನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ನಿಧಾನವಾಗಿ ಸುತ್ತು ಹಾಕಿದ. ವೇಗವಿದ್ದಾಗ ನಾಲ್ಕೂ ಅಂಕಿಗಳು ಸಮ. ವೇಗ ಇಳಿಸುತ್ತಾ ಬಂದಂತೆ ಮೂರು ಅಂಕಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದವು. ನಾಲ್ಕನೆಯದು, ಎಡಗಡೆಯ ಮುಂದಿನದು, ನಡುದಾರಿಯಲ್ಲೇ ಬಾವಿಗೆ ಬಿದ್ದ ಹಾಗೆ ಸೊನ್ನೆಗೆ ಬಿತ್ತು.

ಅಂದರೆ ಗಾಡಿ ಏನು ತಿಳಿದುಕೊಂಡಿತ್ತು? ಆ ಚಕ್ರ ಕಟ್ಟಿಕೊಂಡಿದೆ, ಜಾರುತ್ತಿದೆ ಎಂದು. ಜಾರುವ ಚಕ್ರಕ್ಕೆ ಬ್ರೇಕ್ ಸಡಿಲಿಸಬೇಕು ಎಂದು ಸಡಿಲಿಸಿತ್ತು. ಪೆಡಲು ನಡುಗಿದ್ದು ಅದಕ್ಕೆ. ಗಾಡಿ ಮುಂದೆ ಹೋದದ್ದೂ ಅದಕ್ಕೆ. ಸೊಸೆ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ.

ಜಾಕ್ ಕೊಟ್ಟು ಚಕ್ರ ಬಿಚ್ಚುವ ಮೊದಲು ಅವನು ವೈರನ್ನು ಪರೀಕ್ಷಿಸಿದ. ಇಲಿ ಕಡಿದಿರಲಿ ಎಂದು ಆಸೆಪಟ್ಟ. ಗ್ಯಾರೇಜಿನ ಇಲಿಗಳಿಗೆ ಜೀವಮಾನವಿಡೀ ಶಾಪ ಹಾಕಿದವನು ಅವತ್ತು ಒಂದು ಇಲಿ ಸಿಕ್ಕಿದ್ದರೆ ಕೈ ಮುಗಿಯುತ್ತಿದ್ದ. ವೈರು ಉದ್ದಕ್ಕೂ ಸರಿಯಿತ್ತು. ಕನೆಕ್ಟರಿನಲ್ಲಿ ನೀರಿರಲಿಲ್ಲ, ಹಸಿರು ಕಿಲುಬಿರಲಿಲ್ಲ. ಇನ್ನು ಉಳಿದದ್ದು ಒಂದೇ ಜಾಗ. ಅಲ್ಲೇನಿದೆ ಎಂದು ಅವನಿಗೆ ಗೊತ್ತಿತ್ತು.

ಕೆಲವು ತಿಂಗಳ ಹಿಂದೆ ಆ ಚಕ್ರದ ಬೇರಿಂಗ್ ಬದಲಾಯಿಸಿದ್ದ. ಸೆನ್ಸರ್ ತುಕ್ಕಿಗೆ ಕಚ್ಚಿಕೊಂಡು ಬರಲಿಲ್ಲ. ನಿಧಾನವಾಗಿ ಎಣ್ಣೆ ಬಿಟ್ಟು ಕಾಯಬೇಕಿತ್ತು. ಕಾಯದೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಬೋಲ್ಟ್ ಕೂರುವ ಪ್ಲಾಸ್ಟಿಕ್ ಕಿವಿ ಟಿಕ್ ಎಂದು ಮುರಿಯಿತು. ಗಿರಾಕಿಯ ಗಾಡಿಯಾಗಿದ್ದರೆ ಹೊಸದನ್ನು ತರಿಸುತ್ತಿದ್ದ, ಅದು ಬರುವ ತನಕ ಗಾಡಿ ಬಿಡುತ್ತಿರಲಿಲ್ಲ. ಇದು ಮನೆಯ ಗಾಡಿ. ಬೆಳಿಗ್ಗೆ ಸೊಸೆಗೆ ಬೇಕು. ಅಂಟು ಹಚ್ಚಿ, ಒತ್ತಿ ಹಿಡಿದು ಕೂರಿಸಿದ. ಆಮೇಲೆ ನೋಡಿದರಾಯಿತು ಅಂದುಕೊಂಡ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಹಾಗಾಯಿತು. ಆ 'ಆಮೇಲೆ' ಬರಲೇ ಇಲ್ಲ.

ಈಗ ಚಕ್ರ ಬಿಚ್ಚಿ ಟಾರ್ಚ್ ಹಿಡಿದ. ಶಾಖಕ್ಕೆ ಅಂಟು ಮೆದುವಾಗಿ ಸೆನ್ಸರ್ ತನ್ನ ಗೂಡಿನಿಂದ ಒಂದು ಕೂದಲೆಳೆಯಷ್ಟು ಹಿಂದೆ ಸರಿದಿತ್ತು. ಅಷ್ಟೇ. ಚಕ್ರ ಜೋರಾಗಿ ತಿರುಗುವಾಗ ಆ ದೂರದಿಂದಲೂ ಅದಕ್ಕೆ ಚಕ್ರದ ಜೊತೆ ತಿರುಗುವ ಬಳೆಯ ಹಲ್ಲುಗಳು ಕಾಣುತ್ತಿದ್ದವು, ನಿಧಾನವಾದರೆ ಕಾಣುತ್ತಿರಲಿಲ್ಲ. ಗಾಡಿ ತಣಿದಾಗ ಅಂಟು ಬಿಗಿದು ಅದು ಮತ್ತೆ ಸರಿಯಾಗುತ್ತಿತ್ತು, ಅವತ್ತು ಗೇಟಿನ ಮುಂದೆ ಗಾಡಿ ಎರಡು ಸಲವೂ ನಿಂತದ್ದು ಅದಕ್ಕೇ. ಬೆರಳಿನಿಂದ ಮುಟ್ಟಿದ. ಸಡಿಲ ಹಲ್ಲಿನಂತೆ ಅಲ್ಲಾಡಿತು. ಮೇಸ್ತ್ರಿ ಅಲ್ಲೇ ನೆಲದ ಮೇಲೆ ಕೂತು, ಗ್ಯಾರೇಜಿನಲ್ಲಿ ಯಾರೂ ಇಲ್ಲದಿದ್ದರೂ, ಸುತ್ತ ಒಮ್ಮೆ ನೋಡಿದ.

ಹೊಸ ಸೆನ್ಸರ್ ಬಂದ ದಿನ, ಜೀವನದಲ್ಲಿ ಮಾಡಿದ ಯಾವ ಕೆಲಸಕ್ಕಿಂತಲೂ ಶುದ್ಧವಾಗಿ ಅದನ್ನು ಮಾಡಿದ. ಗೂಡಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಮರಳು ಕಾಗದ ತಿಕ್ಕಿ, ಬಟ್ಟೆಯಿಂದ ಒರೆಸಿದ. ಸೆನ್ಸರ್ ಬೆರಳಿನ ಒತ್ತಡಕ್ಕೇ ಸರಾಗವಾಗಿ ಒಳಗೆ ಹೋಗಿ ಕೂತಿತು. ಬೋಲ್ಟನ್ನು ಹದವಾಗಿ ಬಿಗಿದ. ವೈರನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಸ್ಟೇರಿಂಗ್ ಪೂರ್ತಿ ಅತ್ತ ಇತ್ತ ತಿರುಗಿಸಿ, ಎಲ್ಲೂ ಎಳೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಗಾಡಿ ಚೆನ್ನಾಗಿ ಕಾಯುವ ತನಕ ಓಡಿಸಿ ಬಂದು ನಿಧಾನ ಮಾಡಿದ. ನಾಲ್ಕು ಅಂಕಿಗಳೂ ಕೈ ಕೈ ಹಿಡಿದ ಮಕ್ಕಳ ಹಾಗೆ ಒಟ್ಟಿಗೆ ಸೊನ್ನೆಗೆ ಇಳಿದವು. ಪೆಡಲು ಮಿಸುಕಲಿಲ್ಲ.

ಸಂಜೆ ಊಟದ ಮೇಜಿನಲ್ಲಿ ವಿಷಯ ಹೇಳಿದ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಬಾಯಿ ತೆರೆದಾಗ ಬಂದದ್ದು ಇಷ್ಟು: "ನೀನು ಹೇಳಿದ್ದೇ ಸರಿ ಮಗಾ. ಗಾಡೀದೇ ತಪ್ಪು. ಸೆನ್ಸರ್ ಹೋಗಿತ್ತು. ಹಳೇ ಗಾಡಿ ನೋಡು."

ಸೊಸೆ ನೀರಿನ ಲೋಟ ಕೆಳಗಿಟ್ಟಳು. "ಪೆಡಲು ನಡುಗ್ತಿತ್ತಾ?"

"ನಡುಗ್ತಿತ್ತು."

"ನಿಮಗೂ ಆಯ್ತಾ?"

"ನನಗೂ ಆಯ್ತು."

ಅಪಘಾತದ ದಿನ ಅಳದಿದ್ದವಳು ಈಗ ಅತ್ತಳು. ಎದ್ದು ಬಂದು ಮಾವನ ಎರಡೂ ಕೈ ಹಿಡಿದುಕೊಂಡಳು. "ನೀವು ಬಿಡದೆ ಹುಡುಕಿದ್ರಲ್ಲ ಮಾವ. ಬೇರೆ ಯಾರಾದ್ರೂ ಆಗಿದ್ರೆ ನನ್ನ ತಲೆ ಮೇಲೇ ಹಾಕಿ ಸುಮ್ಮನಾಗ್ತಿದ್ರು."

"ಮತ್ತೆ ನಮ್ಮ ಯಜಮಾನ್ರು ಅಂದ್ರೆ ಏನು ಅಂದ್ಕೊಂಡೆ?" ಅಂದಳು ಹೆಂಡತಿ. ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಮೇಸ್ತ್ರಿ ತಲೆ ತಗ್ಗಿಸಿ ಉಂಡ. ಈಗಲೇ ಹೇಳು, ಈಗಲೇ, ಎಂದು ಒಳಗೆ ಯಾರೋ ತಿವಿಯುತ್ತಿದ್ದರು. ಆದರೆ ಸೊಸೆ ಆಗಲೇ ಗಂಡನಿಗೆ ಫೋನ್ ಮಾಡಿ, "ಮಾವನೇ ಕಂಡುಹಿಡಿದ್ರು" ಎನ್ನುತ್ತಿದ್ದಳು.

ಫೋನ್ ಇಟ್ಟು ಬಂದು, "ನಾಳೆ ಗೇಟಿನವರ ಮನೆಗೆ ನೀವೂ ಬನ್ನಿ ಮಾವ. ನಾನು ಹೇಳಿದ್ರೆ ನೆಪ ಅಂದ್ಕೋತಾರೆ. ನೀವು ಹೇಳಿದ್ರೆ ನಂಬ್ತಾರೆ" ಅಂದಳು.

ಅವನು ಆಗಲಿ ಎಂದು ಕೈ ತೊಳೆಯಲು ಎದ್ದ.

ಕಾವಲುಗಾರನ ಮನೆ ಒಂದೇ ಕೋಣೆಯದು. ಮಂಚದ ಮೇಲೆ ಅವನು, ದಿಂಬಿನ ಮೇಲೆ ಅವನ ಕಾಲು. ಮೊಣಕಾಲಿನಿಂದ ಕೆಳಗೆ ಗಾಯದ ಜಾಗ ಬಿಟ್ಟು ಹಾಕಿದ ಪ್ಲಾಸ್ಟರು, ಅದರಿಂದ ಹೊರಗೆ ಇಣುಕುವ ಊದಿದ ಬೆರಳುಗಳು. ಮೇಸ್ತ್ರಿ ಆ ಬೆರಳುಗಳನ್ನು ನೋಡಿ, ಮತ್ತೆ ನೋಡಲಾರದೆ ಗೋಡೆಯ ಗಡಿಯಾರ ನೋಡಿದ. ಕಾವಲುಗಾರನ ಹೆಂಡತಿ ಇದ್ದೊಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಅವನಿಗೆ ಹಾಕಿದಳು. ಅವನು ಕೂರಲಿಲ್ಲ.

ಸೊಸೆ ಪಟ್ಟಿ ಬದಲಾಯಿಸುತ್ತಾ ತಾನೇ ಎಲ್ಲ ಹೇಳಿದಳು. ಸೆನ್ಸರ್, ಚಕ್ರ, ನಡುಕ. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಗಟ್ಟಿತನವಿತ್ತು. ಕಾವಲುಗಾರ ಕೇಳಿ, "ಹಾಗಾದ್ರೆ ನಾನು ಸುಮ್ಸುಮ್ನೆ ಹೆಣ್ಣುಮಕ್ಕಳು ಗಂಡುಮಕ್ಕಳು ಅಂತೆಲ್ಲ ಅಂದೆನಲ್ಲಮ್ಮ. ಬೇಜಾರು ಮಾಡ್ಕೋಬೇಡ" ಅಂದ. ಆಮೇಲೆ ಮೇಸ್ತ್ರಿಯನ್ನು ಕೇಳಿದ, "ಇಂಥ ಪಾರ್ಟು ತಾನಾಗೇ ಹಾಳಾಗತ್ತಾ ಸ್ವಾಮಿ?"

"ಹಳೇ ಗಾಡಿ ಅಲ್ವಾ," ಎಂದು ಸೊಸೆ ಹತ್ತಿಯನ್ನು ಮದ್ದಿನಲ್ಲಿ ಅದ್ದುತ್ತಾ ಅಂದಳು.

ತಪ್ಪಿಸಿಕೊಳ್ಳಲು ಬಾಗಿಲು ಅಗಲವಾಗಿ ತೆರೆದಿತ್ತು. ಹೌದು ಎಂದು ತಲೆಯಾಡಿಸಿದ್ದರೆ ಸಾಕಾಗಿತ್ತು. ಆದರೆ ಮುರಿದ ಕಾಲಿನವನೇ ಸೊಸೆಯ ಕ್ಷಮೆ ಕೇಳಿದ್ದನ್ನು ನೋಡಿ ಮೇಸ್ತ್ರಿಗೆ ನಿಂತ ನೆಲ ಸುಟ್ಟ ಹಾಗಾಯಿತು.

"ತಾನಾಗೇ ಹಾಳಾಗಿಲ್ಲ," ಅಂದ. "ನಾನು ಮುರಿದಿದ್ದೆ. ಮುರಿದು ಅಂಟು ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ. ಆ ಅಂಟು ಬಿಟ್ಟಿದ್ದಕ್ಕೆ ನಿಮ್ಮ ಕಾಲು ಮುರಿದಿದ್ದು."

ಸೊಸೆಯ ಕೈ ನಿಂತಿತು. ಹತ್ತಿಯಿಂದ ಮದ್ದು ತೊಟ್ಟಿಕ್ಕಿ ಹಾಸಿಗೆಯ ಮೇಲೆ ಹಳದಿ ಕಲೆ ಹರಡಿತು. ಕಾವಲುಗಾರನ ಹೆಂಡತಿ ಮೆಲ್ಲಗೆ, ಯಾರನ್ನೂ ನೋಡದೆ, "ಆವಮ್ಮ ಇಲ್ಲಿ ಬಂದು ಎಷ್ಟು ಸಲ ಅತ್ತಿದೆ ಗೊತ್ತಾ ನಿಮಗೆ?" ಅಂದಳು.

ಮೇಸ್ತ್ರಿ ಕೈ ಮುಗಿದ. ಮುಗಿದ ಕೈಯನ್ನು ಯಾವಾಗ ಇಳಿಸಬೇಕೆಂದು ತಿಳಿಯಲಿಲ್ಲ. ಕಾವಲುಗಾರ "ಹೋಗಲಿ ಬಿಡಿ" ಎನ್ನಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಪಟ್ಟಿ ಕಟ್ಟಮ್ಮ, ಗಾಳಿ ತಾಗಿ ಉರೀತಿದೆ" ಎಂದಷ್ಟೇ ಅಂದ.

ವಾಪಸ್ಸು ಬರುವಾಗ ಸೊಸೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಮನೆಯ ಮುಂದೆ ಗಾಡಿ ನಿಂತ ಮೇಲೂ ಇಳಿಯಲಿಲ್ಲ.

"ಅವತ್ತು ಗೇಟಿನ ಹತ್ರ," ಅಂದಳು, "ನನ್ನ ಕಾಲು ನಡುಗಿರತ್ತೆ ಅಂದಾಗ, ಈ ಅಂಟಿನ ವಿಷಯ ನಿಮಗೆ ನೆನಪಿತ್ತಾ?"

ಅವನು ಕನ್ನಡಿಯಲ್ಲಿ ಅವಳ ಮುಖ ನೋಡಲಿಲ್ಲ. ಇಲ್ಲ ಎನ್ನಬಹುದಿತ್ತು. ಆ ಒಂದು ಕ್ಷಣದ ಸಾಕ್ಷಿ ಜಗತ್ತಿನಲ್ಲಿ ಅವನೊಬ್ಬನೇ.

"ಒಂದು ಸಲ ಬಂದು ಹೋಯ್ತು ಮಗಾ. ನಾನೇ ಓಡಿಸಿಬಿಟ್ಟೆ. ಅಷ್ಟು ಜನ ನೋಡ್ತಿದ್ರು."

ಅವಳು ಮದ್ದಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಮುರಿದಿದ್ದು ಬಿಡಿ ಮಾವ. ಕೆಲಸ ಮಾಡೋ ಕೈಲಿ ಏನಾದ್ರೂ ಮುರಿಯತ್ತೆ. ನನ್ನ ಕಾಲು ನನ್ನ ಮಾತು ಕೇಳಲ್ಲ ಅಂತ ನಾನೇ ನಂಬಿಬಿಟ್ಟೆನಲ್ಲ. ನೀವು ಹೇಳಿದ್ರಿ ಅಂತ ನಂಬಿದೆ. ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ." ಬಾಗಿಲು ತೆಗೆದು ಇಳಿದಳು. ಆಮೇಲೆ ಕಿಟಕಿಗೆ ಬಗ್ಗಿ, "ಈ ಗಾಡೀನ ಇನ್ನೊಬ್ಬರು ನೋಡಿ ಸರಿಯಿದೆ ಅಂದ ಮೇಲೆ ಓಡಿಸ್ತೀನಿ" ಅಂದಳು.

ಊರಿನಲ್ಲಿ ಇನ್ನೊಬ್ಬರು ಅಂದರೆ ಇಸ್ತ್ರಿ. ಮೇಸ್ತ್ರಿಯೇ ಇಟ್ಟ ಹೆಸರು ಅದು. ದೊಡ್ಡ ರಸ್ತೆಯ ಹೊಸ ಗ್ಯಾರೇಜಿನವನು, ಗೆರೆ ಮುರಿಯದ ಅಂಗಿ ಹಾಕಿಕೊಂಡು ಗಾಡಿ ರಿಪೇರಿ ಮಾಡುತ್ತಾನೆ, ನಮಸ್ಕಾರ ಹೇಳುವ ಮೊದಲು ಕಂಪ್ಯೂಟರ್ ಹಚ್ಚುತ್ತಾನೆ ಎಂದು ಮೇಸ್ತ್ರಿ ಎಷ್ಟು ಜನರನ್ನು ನಗಿಸಿದ್ದನೋ. ಮರುದಿನ ಬೆಳಿಗ್ಗೆ ಅದೇ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ. ಸೊಸೆ ಪಕ್ಕದಲ್ಲಿ ನಿಂತಿದ್ದಳು. ಕೆಲಸದವರು ಗುರುತು ಹಿಡಿದು ಒಬ್ಬರನ್ನೊಬ್ಬರು ನೋಡಿಕೊಂಡರು.

"ಏನು ಮೇಸ್ತ್ರಿ, ದಾರಿ ತಪ್ಪಿ ಬಂದ್ರಾ?" ಎಂದ ಇಸ್ತ್ರಿ. "ಏನು ತೊಂದರೆ?"

ಗಿರಾಕಿಗಳು ತನ್ನ ಮುಂದೆ ನಿಂತು ತೊದಲುವುದನ್ನು ಮೇಸ್ತ್ರಿ ಬಹಳ ಕಂಡಿದ್ದ. ಈಗ ತಾನೂ ತೊದಲಿದ. "ಮುಂದಿನ ಎಡಗಡೆ ಸೆನ್ಸರ್. ಕಿವಿ ಮುರಿದಿತ್ತು. ಅಂಟು ಹಾಕಿ ಓಡಿಸಿದ್ದು. ಈಗ ಹೊಸದು ಹಾಕಿದೆ. ಸರಿಯಿದೆಯಾ ಅಂತ ನೋಡಬೇಕು."

"ಯಾರಪ್ಪಾ ಅಂಟು ಹಾಕಿದ ಪುಣ್ಯಾತ್ಮ?"

"ನಾನೇ."

ಇಸ್ತ್ರಿ ನಗುತ್ತಾನೆಂದು ಮೇಸ್ತ್ರಿ ಕಾದ. ನಕ್ಕಿದ್ದರೆ ಹಗುರಾಗುತ್ತಿತ್ತು. ಇಸ್ತ್ರಿ ನಗಲಿಲ್ಲ. ಕನಿಕರದಿಂದ ಒಮ್ಮೆ ನೋಡಿ, "ಗಿರಾಕಿಗಳು ಒಳಗೆ ಬರೋ ಹಾಗಿಲ್ಲ, ಆ ಗಾಜಿನ ಆಚೆ ಕೂತ್ಕೊಳ್ಳಿ" ಅಂದ.

ಗಾಜಿನ ಆಚೆಯಿಂದ ತನ್ನ ಕೆಲಸವನ್ನು ಇನ್ನೊಬ್ಬರು ಬಿಚ್ಚಿ ನೋಡುವುದನ್ನು ಮೇಸ್ತ್ರಿ ನೋಡಿದ. ಅವರು ಚಕ್ರ ತೆಗೆದರು, ಟಾರ್ಚ್ ಹಿಡಿದರು, ಬಾಯಿಗಳು ಆಡಿದವು, ಮಾತು ಕೇಳಿಸಲಿಲ್ಲ. ಸೊಸೆ ಮಾತ್ರ ಒಳಗೆ ನಿಂತಿದ್ದಳು. ಅವಳು ಓಡಿಸುವವಳು ಎಂದು ಇಸ್ತ್ರಿಯೇ ಕರೆದಿದ್ದ. ಆಮೇಲೆ ಅವಳನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಹೊರಟ. ಅವರು ತಿರುಗಿ ಬರುವ ತನಕ ಮೇಸ್ತ್ರಿ ಗಾಜಿನ ಮೇಲೆ ಬಿದ್ದ ತನ್ನ ನೆರಳಿನಿಂದ ಮುಖ ತಪ್ಪಿಸಿ ಕೂತಿದ್ದ.

"ಕೆಲಸ ಶುದ್ಧವಾಗಿದೆ," ಎಂದು ಇಸ್ತ್ರಿ ಸೊಸೆಗೆ ಹೇಳಿದ. ಮೇಸ್ತ್ರಿಗೆ ಹೇಳಲಿಲ್ಲ. "ಧೈರ್ಯವಾಗಿ ಓಡಿಸಿ."

ಹೊರಗೆ ಬಂದಾಗ ಮೇಸ್ತ್ರಿ, "ನೀನು ಕೆಲಸಕ್ಕೆ ಹೋಗು. ನಾನು ನಡೆದು ಹೋಗ್ತೀನಿ" ಅಂದ.

"ಹತ್ತಿ ಮಾವ. ಗ್ಯಾರೇಜ್ ದಾರೀಲೇ ಸಿಗತ್ತೆ."

ಹತ್ತಿದ. ಅವಳು ನಿಧಾನವಾಗಿ ಹೊರಟಳು. ಮುಂದೆ ತಿರುವಿನಲ್ಲಿ ಒಬ್ಬ ಮುದುಕ ಕೈಚೀಲ ಹಿಡಿದು ರಸ್ತೆ ದಾಟುತ್ತಿದ್ದ. ಅವನು ಇನ್ನೂ ದೂರವಿದ್ದ. ಆದರೂ ಮೇಸ್ತ್ರಿಯ ಬಲಗಾಲು ತಾನಾಗಿ ಎದ್ದು, ಅಲ್ಲಿಲ್ಲದ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿಯಿತು.

ಸೊಸೆ ಅದನ್ನು ಕಂಡಳು. ಕಾರು ಮುದುಕನಿಗೆ ಸಾಕಷ್ಟು ಜಾಗ ಬಿಟ್ಟು, ಅಲುಗದೆ ನಿಂತಿತು.

"ಬ್ರೇಕು ನನ್ನ ಹತ್ರ ಇದೆ ಮಾವ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರೀತಿಯಿತ್ತೋ, ಹೇಳಲಾಗದು.

ಮೇಸ್ತ್ರಿ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಮುದುಕ ದಾಟುವ ತನಕ ಇಬ್ಬರೂ ಎದುರಿನ ರಸ್ತೆಯನ್ನೇ ನೋಡುತ್ತಾ ಕೂತಿದ್ದರು.